ಮಾತು ಬರಹವಾಗಲು ಎಂಥ ಕಂಪ್ಯೂಟರ್ ಬೇಕು?

ಕೇಳುಗರಿಗೆ ನಮಸ್ಕಾರ. ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಕಂಪ್ಯೂಟರ್ ಯಾವುದು ಕೊಳ್ಳಲಿ ಎಂದು ಕೇಳುವವರು ನಮ್ಮ ಹಾಸನದಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಅವರನ್ನು ನಾನು ಮೊದಲು ವಿಚಾರಿಸುವುದು ಮೈಕಿನ ಬಗ್ಗೆ.

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಬಳಿಯ ಒಂದು ತೋಟಕ್ಕೆ ಹೋಗಿದ್ದೆ. ಹೊಸ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ತೋಟದ ರೈಟರು 'ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದಾಯಿತು' ಎಂದು (ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣದ ದ್ರಾವಣ) ಹೇಳಿದರೆ, ತೆರೆಯ ಮೇಲೆ 'ಮನಸಿನ ಬಳ್ಳಿ' ಎಂದು ಮೂಡಿತು. ಯಂತ್ರಕ್ಕೂ ಕವಿತೆಯ ಗೀಳು ಹಿಡಿದಿದೆಯೆಂದು ಅವರೇ ನಕ್ಕರು. ತಗಡಿನ ಮಾಡಿನ ಮೇಲೆ ಮಳೆ ಅಪ್ಪಳಿಸುತ್ತಿತ್ತು, ಲ್ಯಾಪ್‌ಟಾಪಿನೊಳಗಿನ ಮೈಕು ಅವರ ಬಾಯಿಂದ ಸುಮಾರು 40 ಸೆಂಟಿಮೀಟರ್ ದೂರವಿತ್ತು. ಯುಎಸ್‌ಬಿ ಹೆಡ್‌ಸೆಟ್ ತೊಡಿಸಿ, ಮೈಕನ್ನು ಬಾಯಿಯ ಅಂಚಿಗೆ, ಉಸಿರು ನೇರವಾಗಿ ತಾಗದಂತೆ 4 ಸೆಂಟಿಮೀಟರಿಗೆ ತಂದಾಗ ಅದೇ ವಾಕ್ಯ ಸರಿಯಾಗಿ ಬಂತು. ದೂರ ಹತ್ತನೇ ಒಂದಾದರೆ ದನಿ ಸುಮಾರು 20 ಡೆಸಿಬೆಲ್ ಏರುತ್ತದೆ, ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ.

ತಂತಿಯ ರಗಳೆ ಬೇಡವೆಂದು ಬ್ಲೂಟೂತ್ ಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಮೈಕು ಚಾಲೂ ಆದೊಡನೆ ಹಲವು ಬ್ಲೂಟೂತ್ ಹೆಡ್‌ಸೆಟ್‌ಗಳು ದನಿಯನ್ನು ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆದು ದಾಖಲಿಸುತ್ತವೆ. ಆಗ ಅದರ ಅರ್ಧವಾದ 4,000 ಹರ್ಟ್ಸ್‌ಗಿಂತ ಹೆಚ್ಚು ಕಂಪನದ ಸದ್ದು ಉಳಿಯದೆ ಸಕಾರ, ಶಕಾರ, ಫಕಾರಗಳು ಮಸುಕಾಗುತ್ತವೆ. ಮಾತು ಗುರುತಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಸೆಕೆಂಡಿಗೆ 16,000 ಅಳತೆಗಳನ್ನು ಬಯಸುತ್ತವೆ.

ಇನ್ನು ಕಂಪ್ಯೂಟರ್. ಗುರುತಿಸುವ ಕೆಲಸ ಇಂಟರ್‌ನೆಟ್ಟಿನಾಚೆಯ ಸರ್ವರಿನಲ್ಲಿ ನಡೆಯುವುದಾದರೆ ಸಾಧಾರಣ ಯಂತ್ರವೇ ಸಾಕು. ಆದರೆ ಮಲೆನಾಡಿನಲ್ಲಿ ಮಳೆ ಹಿಡಿದರೆ ನೆಟ್ವರ್ಕ್ ಮಾಯವಾಗುವುದುಂಟು. ಕಕ್ಷಿದಾರರ ಮಾತು ಹೊರಗೆ ಹೋಗಬಾರದೆನ್ನುವ ವಕೀಲರೂ ಇದ್ದಾರೆ. ಅಂಥವರು 2022ರಲ್ಲಿ ಬಿಡುಗಡೆಯಾದ ವಿಸ್ಪರ್‌ನಂಥ ಮಾತು ಗುರುತಿಸುವ ತಂತ್ರಾಂಶವನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. ಅದರ ಸಣ್ಣ ಮಾದರಿಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಸುಮಾರು 2 ಜಿಬಿ ಮೆಮೊರಿ ಸಾಕು, ದೊಡ್ಡದಕ್ಕೆ ಸುಮಾರು 10 ಜಿಬಿ ಬೇಕು. ಸಣ್ಣ ಮಾದರಿಯ ಕನ್ನಡವನ್ನು ತಿದ್ದುವ ಹೊತ್ತಿನಲ್ಲಿ ನಾವೇ ಟೈಪು ಮಾಡಿ ಮುಗಿಸಬಹುದೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಗ್ರಾಫಿಕ್ಸ್ ಕಾರ್ಡಿಗೆ ಹಣ ಹಾಕುವುದಾದರೆ 12 ಜಿಬಿಯದಕ್ಕೇ ಹಾಕಿ, ಇಲ್ಲವಾದರೆ ಆ ಹಣ ಉಳಿಸಿ.

ಅಂಗಡಿಯಲ್ಲಿ ಫ್ಯಾನು ಹಾಕಿಸಿಯೇ ನಿಮ್ಮ ದನಿಯನ್ನು ಮುದ್ರಿಸಿ ಕೇಳಿ ನೋಡಿ. ಮೆಣಸು ಮನಸಾಗಿ ಕೇಳಿಸಿದರೆ ಆ ಹೆಡ್‌ಸೆಟ್ ಅಲ್ಲೇ ಇರಲಿ. ನಮಸ್ಕಾರ.