ಹನ್ನೆರಡು ಅಕ್ಷರದ ಚಪ್ಪಾಳೆ: ಸ್ಟೀವ್ ರೈಶ್ ಅವರನ್ನು ಕೇಳುವ ಬಗೆ

ಕೇಳುಗರಿಗೆ ನಮಸ್ಕಾರ. ಮೊದಲು ಈ ಜತಿಗೆ, ಅಂದರೆ ಪೆಟ್ಟುಗಳ ಈ ಮಾದರಿಗೆ, ಕಿವಿಗೊಡಿ. ತ ಕ ಟ ಕಾರ್ವೆ, ತ ಕ ಕಾರ್ವೆ, ತ ಕಾರ್ವೆ, ತ ಕ ಕಾರ್ವೆ. ಒಟ್ಟು 12 ಅಕ್ಷರ, ಅಂದರೆ 12 ಸಮಾನ ಎಣಿಕೆ. ಅದರಲ್ಲಿ 8 ಪೆಟ್ಟು, 4 ಮೌನ; ಆ ಮೌನವೇ ಕಾರ್ವೆ. ಅಮೆರಿಕದ ಸಂಯೋಜಕ ಸ್ಟೀವ್ ರೈಶ್ 1972ರಲ್ಲಿ ಬರೆದ 'ಕ್ಲ್ಯಾಪಿಂಗ್ ಮ್ಯೂಸಿಕ್' ಕೃತಿಯ ಬಂಡವಾಳ ಇಷ್ಟೇ. ಇಬ್ಬರು ಕಲಾವಿದರು, ನಾಲ್ಕು ಅಂಗೈ. ವಾದ್ಯವೇ ಇಲ್ಲ.

ಮೊದಲನೆಯವರು ಆರಂಭದಿಂದ ಕೊನೆಯವರೆಗೆ ಈ ಜತಿಯನ್ನು ಬದಲಿಸುವುದಿಲ್ಲ. ಎರಡನೆಯವರು ಅದನ್ನೇ 12 ಸಲ ತಟ್ಟಿ, ಥಟ್ಟನೆ ಒಂದು ಅಕ್ಷರ ಮುಂದಕ್ಕೆ ಸರಿಯುತ್ತಾರೆ. ಮೊದಲ 'ತ'ವನ್ನು ಕಿತ್ತು ಬಾಲಕ್ಕೆ ಅಂಟಿಸಿದ ಹಾಗೆ: ಕ ಟ ಕಾರ್ವೆ, ತ ಕ ಕಾರ್ವೆ, ತ ಕಾರ್ವೆ, ತ ಕ ಕಾರ್ವೆ, ತ. ಮತ್ತೆ 12 ಸಲ, ಮತ್ತೊಂದು ಅಕ್ಷರ. 12 ಬಾರಿ ಸರಿದಾಗ ಇಬ್ಬರೂ ಮತ್ತೆ ಒಂದಾಗುತ್ತಾರೆ. ಸುಮಾರು 5 ನಿಮಿಷದ ಕೆಲಸ.

ಮೊದಲ ಸರಿತದಲ್ಲೇ ಒಂದು ಅಚ್ಚರಿಯಿದೆ. ಒಬ್ಬರ ಮೌನದ ಮೇಲೆ ಇನ್ನೊಬ್ಬರ ಪೆಟ್ಟು ಬಿದ್ದು, ನಾಲ್ಕೂ ಕಾರ್ವೆಗಳು ಮಾಯವಾಗುತ್ತವೆ. ಹನ್ನೆರಡೂ ಅಕ್ಷರ ಭರ್ತಿ. ಅದರಲ್ಲಿ 4 ಕಡೆ ಇಬ್ಬರ ಪೆಟ್ಟೂ ಕೂಡಿ ಬೀಳುವುದರಿಂದ, ಇಬ್ಬರಲ್ಲಿ ಯಾರೂ ತಟ್ಟದ ಮೂರನೆಯ ಲಯವೊಂದು ಕೇಳಿಸುತ್ತದೆ. ಎರಡನೆಯ ಸರಿತದಲ್ಲಿ 7ನೆಯ ಅಕ್ಷರ ಮಾತ್ರ ಖಾಲಿ. ಹೀಗೆ ಪೂರ್ತಿ ಭರ್ತಿಯಾಗುವುದು 1, 6 ಮತ್ತು 11ನೆಯ ಸರಿತಗಳಲ್ಲಿ ಮಾತ್ರ. ಅಭ್ಯಾಸಕ್ಕೆ ಇದೇ ಒರೆಗಲ್ಲು: ಆ ಮೂರರಲ್ಲಿ ಎಲ್ಲಿಯಾದರೂ ಸಂದು ಕೇಳಿಸಿದರೆ ಯಾರೋ ತಪ್ಪಿದ್ದಾರೆ ಎಂದೇ ಅರ್ಥ.

ತಪ್ಪುವುದು ಹೆಚ್ಚಾಗಿ ಎರಡನೆಯವರೇ. ಮೂರು ಪೆಟ್ಟಿನ 'ತಕಟ' ಗುಂಪು ಕಿವಿಯನ್ನು ಬಲವಾಗಿ ಎಳೆಯುತ್ತದೆ. ಅದು ಎಲ್ಲಿ ಬಿದ್ದರೆ ಅಲ್ಲೇ ಸಮ, ಅಂದರೆ ಆವರ್ತದ ಮೊದಲ ಎಣಿಕೆ, ಎಂದು ಮನಸ್ಸು ಒಪ್ಪಿಬಿಡುತ್ತದೆ. ಸಮವನ್ನು ಬರೆದ ಜಾಗದಲ್ಲೇ ಹಿಡಿದಿರಬೇಕು, ಮೂರು ಪೆಟ್ಟಿನ ತಲೆಗೆ ಒಯ್ಯಬಾರದು ಎಂದು ರೈಶ್ ಕೃತಿಯ ಸೂಚನೆಯಲ್ಲೇ ಎಚ್ಚರಿಸಿದ್ದಾರೆ. ನಮ್ಮವರಿಗೆ ಇದಕ್ಕೊಂದು ಸುಲಭ ದಾರಿಯಿದೆ. ಕಾಲಿನಲ್ಲಿ ರೂಪಕ ತಾಳದ ಎಣಿಕೆ ಇಟ್ಟುಕೊಳ್ಳಿ, 1, 5, 9ನೆಯ ಅಕ್ಷರಕ್ಕೆ ಒಂದೊಂದು ತಟ್ಟು. ಮೂಲ ಜತಿಯಲ್ಲಿ 9ನೆಯದು ಕಾರ್ವೆ, ಅಂದರೆ ಕಾಲು ಬೀಳುವಾಗ ಕೈ ಸುಮ್ಮನಿರಬೇಕು. ಅವಸರ ನುಗ್ಗುವ ಜಾಗ ಅದೇ. ಇನ್ನೊಂದು ಮಾತು: ಅಂಗೈ ಕುಳಿ ಮಾಡಿ ತಟ್ಟಿದರೂ ಸರಿ, ಚಪ್ಪಟೆಯಾಗಿ ತಟ್ಟಿದರೂ ಸರಿ, ಇಬ್ಬರದೂ ಒಂದೇ ನಾದವಾಗಿರಬೇಕು. ನಾದ ಬೇರೆಯಾದರೆ ಎರಡು ಜತಿ ಪ್ರತ್ಯೇಕವಾಗಿ ಕೇಳಿಸುತ್ತವೆ, ಆ ಮೂರನೆಯ ಲಯ ಹುಟ್ಟುವುದೇ ಇಲ್ಲ.

ಲೆಕ್ಕ ಬಲ್ಲ ನಮ್ಮ ಮೃದಂಗ ವಾದಕರನ್ನೂ ಇದು ಕಾಡಬಲ್ಲದು. ನಮ್ಮ ಕಿವಿ ಮುಕ್ತಾಯಕ್ಕೆ ಕಾದಿರುತ್ತದೆ; ಇಲ್ಲಿ ಮುಕ್ತಾಯವಿಲ್ಲ, ಸರಿತವಷ್ಟೇ ಇದೆ.

ಈ ಕಿವಿ ಪಳಗಿದ ಮೇಲೆ ಕೇಳಬೇಕಾದದ್ದು 1976ರ 'ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್'. ಕಳೆದ ಶತಮಾನದ ದೊಡ್ಡ ಕೃತಿಗಳಲ್ಲಿ ಇದೊಂದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪಿಟೀಲು, ಚೆಲೋ, ಎರಡು ಕ್ಲಾರಿನೆಟ್, ನಾಲ್ವರು ಗಾಯಕಿಯರು, ಪಿಯಾನೊ, ಜೊತೆಗೆ ಕೋಲಿನಿಂದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ, ಕ್ಸೈಲೋಫೋನ್, ವೈಬ್ರಫೋನ್ ಇವೆ. ಕೋಲು ಬೀಸುವ ನಿರ್ದೇಶಕರಿಲ್ಲ. ಆರಂಭದಲ್ಲಿ 11 ಸ್ವರಮೇಳಗಳು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು) ಒಂದೊಂದಾಗಿ ಬಂದುಹೋಗುತ್ತವೆ. ಆಮೇಲೆ ಅದೇ ಹನ್ನೊಂದು ಒಂದೊಂದು ಭಾಗವಾಗಿ ಹರಡಿಕೊಳ್ಳುತ್ತವೆ. ಮಿಡಿತ ಎಷ್ಟು ಹೊತ್ತು ಉಬ್ಬಿ ಇಳಿಯಬೇಕೆಂಬುದನ್ನು ಊದುವವರ, ಹಾಡುವವರ ಒಂದು ಉಸಿರು ನಿರ್ಧರಿಸುತ್ತದೆ. ಮುಂದಿನ ಹೆಜ್ಜೆಗೆ ಸನ್ನೆ ಕೊಡುವುದು ವೈಬ್ರಫೋನ್.

ಆದ್ದರಿಂದಲೇ ಧ್ವನಿಮುದ್ರಣದಿಂದ ಧ್ವನಿಮುದ್ರಣಕ್ಕೆ ಅವಧಿ ಬೇರೆ. ರೈಶ್ ತಂಡದ್ದೇ ಎರಡನ್ನು ನೋಡಿ: ಇಸಿಎಂ ಕಂಪನಿಯ 1978ರ ತಟ್ಟೆ ಸುಮಾರು 56 ನಿಮಿಷ, ನನ್‌ಸಚ್ ಕಂಪನಿಯ 1998ರ ತಟ್ಟೆ 67 ನಿಮಿಷ ದಾಟುತ್ತದೆ. ಮೊದಲನೆಯದರಲ್ಲಿ ಬಿಗಿ ಹೆಚ್ಚು, ಎರಡನೆಯದರಲ್ಲಿ ಒಂದೊಂದು ವಾದ್ಯ ಬಿಡಿಯಾಗಿ ಕಾಣುತ್ತದೆ. ಹೊಸ ತಂಡಗಳಲ್ಲಿ ಎನ್ಸೆಂಬಲ್ ಸಿಗ್ನಲ್ 2015ರಲ್ಲಿ, ಕಾಲಿನ್ ಕರಿ ಗ್ರೂಪ್ 2023ರಲ್ಲಿ ಇದನ್ನು ಹೊರತಂದಿವೆ. ಮೊದಲ ಸಲ ಕೇಳುವವರು ಇಸಿಎಂನಿಂದ ತೊಡಗಲಿ. ಮೊಬೈಲಿನ ಪುಟ್ಟ ಸ್ಪೀಕರ್ ಮಾತ್ರ ಬೇಡ. ತಳದಲ್ಲಿ ಗುಂಯ್‌ಗುಡುವ ಬಾಸ್ ಕ್ಲಾರಿನೆಟ್ ಅದರಲ್ಲಿ ಕೇಳಿಸುವುದೇ ಇಲ್ಲ, ಅದು ಹೋದರೆ ಉಸಿರೇ ಹೋಯಿತು. ಇಯರ್‌ಫೋನ್ ಹಾಕಿಕೊಳ್ಳಿ.

1936ರಲ್ಲಿ ಹುಟ್ಟಿದ ರೈಶ್ ಇಳಿವಯಸ್ಸಿನಲ್ಲೂ ಬರೆಯುವುದನ್ನು ಬಿಟ್ಟಿಲ್ಲ. 'ಟ್ರಾವೆಲರ್ಸ್ ಪ್ರೇಯರ್' ಮತ್ತು 'ಜೇಕಬ್ಸ್ ಲ್ಯಾಡರ್' ಕೃತಿಗಳ ಧ್ವನಿಮುದ್ರಣ 2025ರಲ್ಲಿ ಬಂದಿದೆ. ಮೊದಲನೆಯದರಲ್ಲಿ ಅವರ ಗುರುತಾಗಿದ್ದ ಆ ಬಡಿತವೇ ಇಲ್ಲ. ಬರಿಯ ಪ್ರಾರ್ಥನೆ, ನಿಧಾನ.

ಲಯದ ಜಾಡು ಹಿಡಿದು ಬಂದವರಿಗೆ ನಾನು ಹೇಳುವುದು 2022ರಲ್ಲಿ ಹೊರಬಂದ 'ರೈಶ್/ರಿಕ್ಟರ್' ತಟ್ಟೆ. ಪ್ಯಾರಿಸ್ಸಿನ ಎನ್ಸೆಂಬಲ್ ಎಂಟರ್‌ಕಾಂಟೆಂಪೊರೆನ್ ತಂಡ ನುಡಿಸಿದೆ. ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಅವರ ಪಟ್ಟೆಗಳು ಒಡೆದು ಆಕಾರಗಳಾಗುವ ಚಲನಚಿತ್ರಕ್ಕೆ ಬರೆದದ್ದು. ಎರಡು ಸ್ವರದ ತೂಗಾಟದಿಂದ ತೊಡಗಿ ನಾಲ್ಕು, ಎಂಟು, ಹದಿನಾರಾಗಿ ಬೆಳೆಯುತ್ತದೆ. ಎರಡು ನಾಲ್ಕಾಗುವ ಆ ತಿರುವು ಸದ್ದಿಲ್ಲದೆ ಬರುತ್ತದೆ. ಬೆರಳಲ್ಲಿ ಎಣಿಸುತ್ತ ಕುಳಿತರೆ ಸಿಕ್ಕೀತು. ನಮಸ್ಕಾರ.