ಕರ್ಣನ ಗುಟ್ಟು ದುರ್ಯೋಧನಗ ಮೊದಲೇ ಗೊತ್ತಿತ್ತಾ? ಪಂಪ, ರನ್ನ, ಕುಮಾರವ್ಯಾಸ

[ದೃಶ್ಯ: ಮಳಖೇಡ ಕೋಟೆ, ಕೆಳಗ ಕಾಗಿಣಾ ಹೊಳಿ]

ಎಲ್ಲರಿಗೂ ನಮಸ್ಕಾರ್ರಿ. ಕರ್ಣ ಕುಂತಿ ಮಗ ಅನ್ನೋದು ದುರ್ಯೋಧನಗ ಗೊತ್ತಿತ್ತೋ ಇಲ್ಲೋ? ಬಹಳ ಮಂದಿ "ಪಾಪ, ಅವನಿಗೇನು ಗೊತ್ತು" ಅಂತ ಥಟ್ಟನೆ ಹೇಳ್ತಾರ. ಆದ್ರ ಕನ್ನಡದ ಇಬ್ಬರು ದೊಡ್ಡ ಕವಿಗಳ ಕಾವ್ಯದಾಗ "ಗೊತ್ತಿತ್ತು" ಅಂತ ಬರ್ತದ. ಗೊತ್ತಿದ್ದೂ ಅವ ಏನು ಮಾಡಿದ? ಇವತ್ತು ಅದನ್ನೇ ಹುಡುಕೋಣು.

ಕಾಲದ ಲೆಕ್ಕ ಲಗೂನ ಮುಗಿಸ್ತೀನಿ. ಪಂಪ 'ವಿಕ್ರಮಾರ್ಜುನ ವಿಜಯ' ಬರದದ್ದು 941ರಾಗ. ಅವನ ದೊರೆ ವೇಮುಲವಾಡದ ಅರಿಕೇಸರಿ, ಇದೇ ಮಳಖೇಡದ ರಾಷ್ಟ್ರಕೂಟರ ಸಾಮಂತ. 973ರಾಗ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನ ಸೋಲಿಸಿದ. ರನ್ನನ 'ಗದಾಯುದ್ಧ' 982ರದು, ತೈಲಪನ ಮಗ ಸತ್ಯಾಶ್ರಯನ ಸಲುವಾಗಿ ಬರದದ್ದು. ನಡುವ ಬರೀ 41 ವರ್ಷ. ಪಂಪ ತನ್ನ ದೊರೆಯನ್ನ ಅರ್ಜುನ ಅಂತ ಹೊಗಳ್ಯಾನ, ರನ್ನ ಭೀಮ ಅಂತ ಹೊಗಳ್ಯಾನ. ಇದನ್ನ ನೆನಪಿಡ್ರಿ. ಇಬ್ಬರಿಗೂ ದುರ್ಯೋಧನನ್ನ ಮೆರಸೋ ಕೆಲಸ ಇರಲೇ ಇಲ್ಲ.

ಈಗ ಪಂಪ. ಯುದ್ಧಕ್ಕ ಮೊದಲು ಕೃಷ್ಣ ಕರ್ಣನ್ನ ಕರದು ಹುಟ್ಟಿನ ಗುಟ್ಟು ಹೇಳ್ತಾನ. ಅಷ್ಟಕ್ಕ ಬಿಡಂಗಿಲ್ಲ. "ನೀನು, ದುರ್ಯೋಧನ ಇಬ್ಬರೂ ಬ್ಯಾಟಿಗೆ ಹೋದಾಗ ಸತ್ಯಂತಪ ಅನ್ನೋ ಋಷಿ ಮೊದಲು ನಿನಗೇ ಮರ್ಯಾದಿ ಕೊಟ್ಟ. ಯಾಕಂತ ದುರ್ಯೋಧನ ಕೇಳಿದ, ಋಷಿ ಎಲ್ಲಾ ಹೇಳಿದ. ಅವತ್ತಿಂದ ಮುಳ್ಳಿನಿಂದ ಮುಳ್ಳು ತಗಿಯೋಣು ಅಂತ ನಿನ್ನ ಇಟ್ಟುಕೊಂಡಾನ" ಅಂತಾನ. ಪಾಂಡವರನ್ನ ಪಾಂಡವನಿಂದನೇ ಕಿತ್ತು ಹಾಕೋ ಲೆಕ್ಕ. ಇಲ್ಲಿ ತಪ್ಪು ಆಗೋದು ಎಲ್ಲಿ ಅಂದ್ರ, ಇದು ಪಂಪನ ತೀರ್ಪು ಅಂತ ಓದ್ತೀವಿ. ಹೇಳಾಂವ ಯಾರು? ಕರ್ಣನ್ನ ಒಡೀಲಿಕ್ಕೆ ಬಂದ ಕೃಷ್ಣ. ಪಾತ್ರದ ಮಾತನ್ನ ಕವಿಯ ಮಾತು ಅಂತ ಹಿಡದ್ರ ಹೋಲಿಕಿ ಪೂರಾ ದಾರಿ ತಪ್ತದ.

ಹಂಗಾರ ಕರ್ಣ ಏನಂದ? ಈ ಪದ್ಯಕ್ಕ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಅದಕ್ಕ ಆ ಯೋಗ್ಯತಿ ಅದ.

[ಪರದೆ ಮೇಲೆ ಪದ್ಯ]

ನೆತ್ತಮನಾಡಿ ಭಾನುಮತಿ ಸೋಲ್ತೊಡೆ ಸೋಲಮನೀವುದೆಂದು ಕಾ
ಡುತ್ತಿರೆ ಲಂಬಣಂ ಪಱಿಯೆ ಮುತ್ತಿನ ಕೇಡನೆ ನೋಡಿ ನೋಡಿ ಬ
ೞ್ಕುತ್ತಿರೆಯೇವಮಿಲ್ಲದಿವನಾಯ್ವುದೊ ತಪ್ಪದೆ ಪೇೞಿಮೆಂಬ ಭೂ
ಪೋತ್ತಮನಂ ಬಿಸುಟ್ಟಿರದೆ ನಿಮ್ಮೊಳೆ ಪೊಕ್ಕೊಡೆ ಬೇಡನಲ್ಲೆನೇ

ಗಟ್ಟಿ ದನಿಯಿಂದ ಓದ್ರಿ. ಇಲ್ಲಿ 'ಱ' ಬಂದಲ್ಲಿ 'ರ' ಅನ್ರಿ, 'ೞ' ಬಂದಲ್ಲಿ 'ಳ' ಅನ್ರಿ, 'ಪಱಿಯೆ' ಇದ್ದಲ್ಲಿ 'ಹರಿಯೆ' ಅನ್ರಿ, ಅರ್ಧ ಅರ್ಥ ತಾನೇ ಬಿಚ್ಚಿಕೊಳ್ತದ. ನೆತ್ತ ಅಂದ್ರ ಪಗಡಿ. ದುರ್ಯೋಧನನ ಹೆಂಡ್ತಿ ಭಾನುಮತಿ ಸೋತಾಳ. ಸೋತದ್ದು ಕೊಡು ಅಂತ ಕಾಡಿದಾಗ ಲಂಬಣ, ಅಂದ್ರ ಕೊರಳಿನ ಮುತ್ತಿನ ಸರ, ಹರೀತದ. ಮುತ್ತು ನೆಲದ ತುಂಬ ಚೆಲ್ಲ್ಯಾವ, ಎದಿ ಅಳಕ್ತದ. ಆಗ ದುರ್ಯೋಧನ ಏವಮಿಲ್ಲದೆ, ಒಂಚೂರೂ ಬ್ಯಾಸರಿಲ್ಲದೆ, ಕೇಳ್ತಾನ: "ಇವನ್ನ ಆಯಬೇಕೇನು, ಹೇಳ್ರಿ." ಅಂಥವನ್ನ ಬಿಟ್ಟು ನಿಮ್ಮ ಕಡಿ ಬಂದ್ರ ನಾನು ಬೇಡ ಆಗೂದಿಲ್ಲೇನು, ಇದು ಕರ್ಣನ ಉತ್ತರ.

ಕೊನೀ ಮಾತಿನಾಗ 'ಬೇಡ' ಅಂದ್ರ 'ಬ್ಯಾಡ' ಅಲ್ರಿ. ಅಲ್ಲಿ ಬ್ಯಾಟಿ ಆಡೋ ಬೇಡ. ನೀಚ ಅನ್ನೋ ಅರ್ಥದಾಗ ಬಂದದ. ಸುರಪುರದ ಬೇಡ ನಾಯಕರ ನಾಡಿನಾಗ ಕೂತು ಆ ಅರ್ಥವನ್ನ ಒಪ್ಪಲಿಕ್ಕಾಗೂದಿಲ್ಲ. ಅದನ್ನ ಆ ಕಾಲದ ಮಾತು ಅಂತ ಗುರುತಿಟ್ಟು ಮುಂದ ಹೋಗೋಣು.

ಪಗಡಿ ಆಡಿದವರು ಯಾರು? ಭಾನುಮತಿ ಜೋಡಿ ಕರ್ಣನೋ, ದುರ್ಯೋಧನನೋ? ಪಂಡಿತರು ಇದರ ಮ್ಯಾಲ ಪುಟಗಟ್ಟಲೆ ವಾದ ಮಾಡ್ಯಾರ. ಕಾರಣ ವ್ಯಾಕರಣದಾಗ ಅದ. 'ಕಾಡುತ್ತಿರೆ' ಅಂತ ಅದ, ಕಾಡಿದವರು ಯಾರು ಅಂತಿಲ್ಲ. 'ಬೞ್ಕುತ್ತಿರೆ', ಅಳಕಿದವರು ಯಾರು ಅಂತಿಲ್ಲ. ನನ್ನ ಓದಿನಾಗ ಆಡಿದಾಂವ ಕರ್ಣ, ಅಳಕಿದಾಂವನೂ ಅವನೇ. ಗೆಳೆಯನ ಹೆಂಡ್ತಿ ಸರ ಹರದ ಕೈ ಅವನದಾಗಿದ್ರನೇ 'ಏವಮಿಲ್ಲದೆ' ಅನ್ನೋ ಒಂದು ಶಬ್ದಕ್ಕ ತೂಕ ಬರ್ತದ. ದುರ್ಯೋಧನ ತಾನೇ ತನ್ನ ಹೆಂಡ್ತಿ ಸರ ಹರದಿದ್ರ ಸಿಟ್ಟಾಗಲಿಲ್ಲ ಅಂತ ಹೊಗಳೋದು ಯಾಕ ಬೇಕಿತ್ತು?

ಈಗ ಎರಡೂ ಕೂಡಿಸಿ ನೋಡ್ರಿ. ಕೃಷ್ಣ ಮುಳ್ಳಿನ ಲೆಕ್ಕ ಹೇಳ್ತಾನ, ಕರ್ಣ ಮುತ್ತಿನ ನೆನಪು ಹೇಳ್ತಾನ. ಮುಳ್ಳಿನ ಮಾತು ಸುಳ್ಳು ಅಂತ ಅವ ವಾದ ಮಾಡೂದಿಲ್ಲ. ಅದು ಖರೇ ಇದ್ರೂ ಈ ಮುತ್ತು ಖರೇನೇ.

ಇನ್ನ ರನ್ನ. ಯುದ್ಧ ಮುಗೀಲಿಕ್ಕೆ ಬಂದದ. ದುರ್ಯೋಧನ ಸಂಜಯನ ಜೋಡಿ ಹೆಣಗಳ ನಡುವ ನಡಕೊಂತ ಬರ್ತಾನ. ತನ್ನ ವೈರಿ ಅಭಿಮನ್ಯುನ ಹೆಣದ ಮುಂದ ನಿಂತು, ನಿನ್ನ ಸಾಹಸದಾಗ ಒಂದು ಪಾಲಿನಷ್ಟರ ಸಾವು ನಮಗ ಬರಲಿ ಅಂತ ಕೇಳ್ಕೋತಾನ. ಮುಂದ ಕರ್ಣ ಬಿದ್ದಾನ.

[ಪರದೆ ಮೇಲೆ ಪದ್ಯ]

ಆನಱಿವೆಂ ಪೃಥೆಯಱಿವಳ್
ದಾನವರಿಪುವಱಿವನರ್ಕನಱಿವಂ ದಿವ್ಯ
ಜ್ಞಾನಿ ಸಹದೇವನಱಿವಂ
ನೀನಾರ್ಗೆಂದಾರುಮಱಿಯರಂಗಾಧಿಪತೀ

ಇದು ಕಂದಪದ್ಯ, 12, 20, 12, 20, ಒಟ್ಟು 64 ಮಾತ್ರೆ. ಎಣಿಸಿ ನೋಡ್ರಿ, ಒಂದೂ ಹೆಚ್ಚು ಕಡಿಮಿ ಇಲ್ಲ. ಆನ, ದಾನ, ಜ್ಞಾನಿ, ನೀನಾ: ಎರಡನೇ ಅಕ್ಷರದ 'ನ'ಕಾರ ಪ್ರಾಸ ಹಿಡೀಲಿಕ್ಕೆ 'ದಿವ್ಯಜ್ಞಾನಿ' ಅನ್ನೋ ಒಂದೇ ಶಬ್ದವನ್ನ ಎರಡು ಸಾಲಿಗೆ ಮುರದಾನ. ಇಷ್ಟು ಬಿಗಿ ಜಾಗದಾಗ ಐದು ಮಂದಿ ಬಂದಾರ. ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ. ನೀ ಯಾರ ಮಗ ಅಂತ ಬ್ಯಾರೆ ಯಾರಿಗೂ ಗೊತ್ತಿಲ್ಲ.

ಕ್ರಮ ನೋಡ್ರಿ. ಹಡದ ತಾಯಿಗಿಂತ ಮೊದಲು 'ಆನ್', ನಾನು. ಪಂಪನಲ್ಲಿ, ಕೃಷ್ಣನ ಮಾತಿನಾಗ, ಇದೇ ಗೊತ್ತಿದ್ದ ಸಂಗತಿ ಒಂದು ಹಂಚಿಕಿ ಆಗಿತ್ತು. ರನ್ನನಲ್ಲಿ ಅದು ಹೆಣದ ಮುಂದ ನಿಂತು ಬಿಚ್ಚೋ ಎದಿಗೂಡು. ಕೇಳಲಿಕ್ಕೆ ಈಗ ಕರ್ಣ ಇಲ್ಲ, ಲಾಭ ಏನೂ ಇಲ್ಲ. ಹಂಗಾಗಿ ಆ ಮಾತು ನಂಬಬೇಕು ಅನಸ್ತದ. ಭೀಮನ್ನ ಹೊಗಳಲಿಕ್ಕೆ ಕೂತ ಕವಿ ದುರ್ಯೋಧನಗ ಇಷ್ಟು ಕೊಟ್ಟಾನ.

ಹೊತ್ತು ಕಡಿಮಿ ಉಳದದ, ಉಳದದ್ದು ಒಟ್ಟಿಗೇ ಹೇಳ್ತೀನಿ. ಸಂಸ್ಕೃತ ಭಾರತದಾಗ ಕರ್ಣ ಕೃಷ್ಣನ ಮುಂದ, ಧರ್ಮರಾಜಗ ಈ ಮಾತು ತಿಳಿಸಬ್ಯಾಡ, ತಿಳದ್ರ ಅವ ರಾಜ್ಯ ಒಲ್ಲೆ ಅಂತಾನ, ನನಗ ಕೊಟ್ರ ನಾ ದುರ್ಯೋಧನಗ ಕೊಡ್ತೀನಿ ಅಂತಾನ. ಗದುಗಿನ ಕುಮಾರವ್ಯಾಸ 15ನೇ ಶತಮಾನದಾಗ, ಭಾಮಿನಿ ಷಟ್ಪದಿದಾಗ, ಎಲ್ಲಾ ಬಿಟ್ಟು ಕರ್ಣನ ಗಂಟಲಿಗೇ ಬರ್ತಾನ: "ಕೊರಳ ಸೆರೆ ಹಿಗ್ಗಿದವು." ಕಣ್ಣೀರು ಉಕ್ಕಿ ಬರ್ತದ. ತಾನು ಯಾರು ಅಂತ ತಿಳದ ಆ ಕ್ಷಣದಾಗ ಅವನ ಮನಸಿನ ಮಾತು ಏನು ಗೊತ್ತೇನ್ರಿ? "ಅಕಟಾ ಕುರುಪತಿಗೆ ಕೇಡಾದುದು." ತಾಯಿ ಇಲ್ಲ, ರಾಜ್ಯ ಇಲ್ಲ, ಗೆಳೆಯನ ಕೇಡು ಕಾಣ್ತದ.

ನೀವೇ ಹೋಲಿಸಿ ನೋಡಬೇಕಂದ್ರ ಮೂರೂ ಪುಸ್ತಕ ಪೂರಾ ಬ್ಯಾಡ. ಮೂರರಾಗೂ ಇದೊಂದೇ ಗುಟ್ಟಿನ ಜಾಗ ತಗೀರಿ. ಯಾರಿಗೆ ಗೊತ್ತು, ಯಾರು ಯಾರಿಗೆ ಹೇಳ್ತಾರ, ಹೇಳೋವಾಗ ಅವರಿಗೇನು ಬೇಕಾಗ್ಯದ, ಇಷ್ಟು ಬರಕೊಳ್ರಿ. ಸಾರಾಂಶದ ಪುಸ್ತಕದಿಂದ ಮಾಡಬ್ಯಾಡ್ರಿ. ಸಾರಾಂಶದಾಗ 'ಏವಮಿಲ್ಲದೆ' ಉಳಿಯೂದಿಲ್ಲ.

ಮುಂದಿನ ವಿಡಿಯೋದಾಗ ರನ್ನನ ಪಟ್ಟಿಯ ಐದನೇ ಹೆಸರು ಹಿಡಿಯೋಣು. ಸಹದೇವ ಪಾಂಡವರ ಡೇರೇದಾಗೇ ಇದ್ದ. ಅರ್ಜುನ ಕರ್ಣನ ಮ್ಯಾಲ ಬಾಣ ಹೂಡೋವಾಗ ಸಹದೇವಗ ಎಲ್ಲಾ ಗೊತ್ತಿತ್ತು.