ಗೇಟಿನವರೆಗೆ ಹೋಗಿ, ಸಾಕು

ಎಲ್ಲರಿಗೂ ನಮಸ್ಕಾರ. ರಥಸಪ್ತಮಿ ಕಳೆದು ಇವತ್ತಿಗೆ ಮೂರನೇ ದಿನ. ಸಭೆಗೆ ಬಂದು ಕೂರುವಾಗ ಕೆಲವರು ಮುಂದಿನ ಕುರ್ಚಿಯ ಬೆನ್ನು ಹಿಡಿದು, ‘ಅಮ್ಮಾ’ ಅಂತ ನಿಧಾನಕ್ಕೆ ಇಳಿದದ್ದು ವೇದಿಕೆಯ ಮೇಲಿಂದ ಕಾಣುತ್ತಿತ್ತು. 108 ಸೂರ್ಯನಮಸ್ಕಾರ ಹಾಕಿದವರು ನೀವೇ ಇರಬೇಕು. ಹಿಂದಿನ ರಥಸಪ್ತಮಿಯಿಂದ ಈ ರಥಸಪ್ತಮಿಯವರೆಗೆ ಒಂದನ್ನೂ ಹಾಕಿರಲಿಲ್ಲ ಎಂಬುದನ್ನೂ ನಿಮ್ಮ ತೊಡೆಗಳೇ ಹೇಳುತ್ತಿವೆ. ‘ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ’ ಅನ್ನುವ ಗಾದೆಗೆ ಬೇರೆ ವ್ಯಾಖ್ಯಾನ ಬೇಡ.

ಆ ನೋವು ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದರ ಕಡೆಗೇ ನಿಮ್ಮ ಗಮನ ಇರುತ್ತದೆ. ‘ಮೈಯಲ್ಲಿ ಆಸಿಡ್ ಸೇರಿಕೊಂಡಿದೆ’ ಅಂತಾರೆ. ಅಲ್ಲ. ಲ್ಯಾಕ್ಟಿಕ್ ಆಸಿಡ್ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೊರಟುಹೋಗಿರುತ್ತದೆ. ಈ ನೋವು ಮಾರನೇ ದಿನ ಶುರುವಾಗಿ ಒಂದರಿಂದ ಮೂರು ದಿನದೊಳಗೆ ತುದಿಗೇರಿ, ಆಮೇಲೆ ಇಳಿಯುವಂಥದ್ದು. ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕಾದಾಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ನಮಸ್ಕಾರದಲ್ಲಿ ಎದೆಯನ್ನು ನೆಲಕ್ಕೆ ಇಳಿಸುತ್ತೀರಲ್ಲ, ಆಗ ತೋಳಿಗೆ ಆಗುವುದು ಅದೇ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮಾರನೇ ದಿನ ತೊಡೆ ಹಿಡಿಯುವುದು ಇಳಿದದ್ದಕ್ಕೆ. ಒಳ್ಳೆಯ ಸುದ್ದಿ ಏನೆಂದರೆ, ಹದಿನೈದು ದಿನದೊಳಗೆ ಅದೇ ಕೆಲಸ ಮತ್ತೆ ಮಾಡಿದರೆ ನೋವು ತುಂಬಾ ಕಡಿಮೆ. ಮುಂದಿನ ರಥಸಪ್ತಮಿಯವರೆಗೆ ಬಿಟ್ಟರೆ ಮತ್ತೆ ಇದೇ ‘ಅಮ್ಮಾ’.

ಈಗ ವಿಷಯ. ಆಹ್ವಾನ ಪತ್ರಿಕೆಯಲ್ಲಿ ‘ವ್ಯಾಯಾಮಕ್ಕೆ ಪ್ರೇರಣೆ ಪಡೆಯುವುದು ಹೇಗೆ’ ಅಂತ ಅಚ್ಚಾಗಿದೆ. ಸಂಘಟಕರು ಕ್ಷಮಿಸಬೇಕು, ಈ ಶೀರ್ಷಿಕೆಯ ಜೊತೆಗೇ ನನ್ನ ಜಗಳ. ಪ್ರೇರಣೆ ಮೊದಲು ಬರುತ್ತದೆ, ಆಮೇಲೆ ಮನುಷ್ಯ ಎದ್ದು ಹೊರಡುತ್ತಾನೆ ಎಂಬ ಲೆಕ್ಕ ಅದರಲ್ಲಿದೆ. ನಡೆಯುವುದು ಇದಕ್ಕೆ ತಿರುಗಾಮುರುಗಾ. ಕಾಲು ಮೊದಲು ಹೊರಡಬೇಕು, ಮನಸ್ಸು ಹಿಂದೆ ಬರುತ್ತದೆ. ಅದೂ ಕೂಡಲೇ ಬರುವುದಿಲ್ಲ. ಹೊರಟ ಮೊದಲ ಎರಡು ಮೂರು ನಿಮಿಷ ಮೈ ಭಾರ ಅನ್ನಿಸುತ್ತದೆ. ಸ್ನಾಯುಗಳ ಆಮ್ಲಜನಕದ ಬೇಡಿಕೆ ಥಟ್ಟನೆ ಏರಿರುತ್ತದೆ, ಹೃದಯ ಮತ್ತು ಶ್ವಾಸಕೋಶ ಅದಕ್ಕೆ ಸರಿಗಟ್ಟಲು ಅಷ್ಟು ಹೊತ್ತು ಬೇಕು. ಅಭ್ಯಾಸ ತಪ್ಪಿದವರಿಗೆ ಇನ್ನೂ ಸ್ವಲ್ಪ ಹೆಚ್ಚು. ‘ಇವತ್ತು ಯಾಕೋ ಆಗೋಲ್ಲ’ ಅಂತ ನಮಗೆ ಅನ್ನಿಸುವುದು ಸರಿಯಾಗಿ ಆ ಎರಡನೇ ನಿಮಿಷದಲ್ಲಿ. ಆ ತೀರ್ಪನ್ನು ನಂಬಬೇಡಿ, ಸಾಕ್ಷಿ ಇನ್ನೂ ಬಂದಿಲ್ಲ.

ಅದಕ್ಕೇ ನನ್ನ ಮಾತು ಒಂದೇ: ಗೇಟಿನವರೆಗೆ ಹೋಗಿ. ಶೂ ಹಾಕಿ, ಲೇಸ್ ಕಟ್ಟಿ, ಗೇಟು ತೆಗೆದು ಆಚೆ ನಿಲ್ಲಿ. ಅಷ್ಟು ಆದರೆ ಆ ದಿನದ ಲೆಕ್ಕಕ್ಕೆ ಹಾಜರಿ ಹಾಕಿಕೊಳ್ಳಿ. ವಾಪಸ್ ಬರಬೇಕು ಅನ್ನಿಸಿದರೆ ಬನ್ನಿ, ಯಾರೂ ಏನೂ ಅನ್ನುವುದಿಲ್ಲ. ಶೂ ಹಾಕಿಕೊಂಡು ಗೇಟಿನಾಚೆ ನಿಂತ ಮನುಷ್ಯ ತಿರುಗಿ ಒಳಗೆ ಬರುವುದು ಅಪರೂಪ. ಎದುರು ಮನೆಯವರು ನೋಡುತ್ತಿರುತ್ತಾರೆ ಎಂಬುದೂ ಒಂದು ಕಾರಣ!

ಈಗ ಒಂದು ಕಥೆ. ಇದು ಲಂಡನ್ನಿನ ಬಸ್ಸುಗಳದ್ದು, ಸ್ವಲ್ಪ ಉದ್ದ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತ ಏರುತ್ತಾ ಹೋಯಿತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರು ಬೇರೆ ಬೇರೆ ಉದ್ಯೋಗದವರ ಕಾಯಿಲೆಯ ದಾಖಲೆಗಳನ್ನು ಕಲೆಹಾಕಿದರು. ಅದರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸಿನ ಸಿಬ್ಬಂದಿ ಒಂದು ಗುಂಪು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಡ್ರೈವರು ಪಾಳಿಯ ಬಹುಪಾಲು ಹೊತ್ತು ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ಮೇಲಂತಸ್ತಿಗೆ ಹತ್ತಿ ಇಳಿದು, ಹತ್ತಿ ಇಳಿದು, ದಿನಕ್ಕೆ 500ರಿಂದ 750 ಮೆಟ್ಟಿಲು. ನಮ್ಮ ಹಾಸನ ಜಿಲ್ಲೆಯ ಲೆಕ್ಕದಲ್ಲಿ ಹೇಳುವುದಾದರೆ, ದೊಡ್ಡಬೆಟ್ಟಕ್ಕಿರುವುದು ಸುಮಾರು 650 ಮೆಟ್ಟಿಲು. ಅಂದರೆ ಆ ಕಂಡಕ್ಟರು ಕೆಲಸದ ದಿನವೆಲ್ಲ ಒಂದೊಂದು ಸಲ ಗೊಮ್ಮಟನ ಪಾದ ಮುಟ್ಟಿ ಬಂದಂತೆ. ದರ್ಶನ ಒಂದು ಇಲ್ಲ, ಅಷ್ಟೇ.

1953ರಲ್ಲಿ ಲೆಕ್ಕ ಪ್ರಕಟವಾಯಿತು. ಡ್ರೈವರುಗಳಿಗೆ ಹೋಲಿಸಿದರೆ ಕಂಡಕ್ಟರುಗಳಲ್ಲಿ ಹೃದಯಾಘಾತ ಸ್ಪಷ್ಟವಾಗಿ ಕಡಿಮೆ, ಬಂದರೂ ತಡವಾಗಿ, ಸಾವಿಗೆ ತಿರುಗುವುದೂ ಕಡಿಮೆ. ಇದಕ್ಕೊಂದು ತಕರಾರು ಏಳುವುದು ಸಹಜ. ಡ್ರೈವರಿಗೆ ಟ್ರಾಫಿಕ್ಕಿನ ಒತ್ತಡ ಇರುತ್ತದೆ, ಅದಕ್ಕೆ ಅಂತ. ಮಾರಿಸ್ ಅಂಚೆ ಇಲಾಖೆಯ ದಾಖಲೆಯನ್ನೂ ನೋಡಿದ್ದರು. ನಡೆದು, ಸೈಕಲ್ ತುಳಿದು ಪತ್ರ ಹಂಚುವವರಿಗೂ ಕೂತು ಕೆಲಸ ಮಾಡುವ ಗುಮಾಸ್ತರಿಗೂ ಅದೇ ವ್ಯತ್ಯಾಸ. ಮತ್ತೊಂದು ತಕರಾರು: ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಾರೇನೋ? ಇದಕ್ಕೆ ಅವರು ಮಾಡಿದ್ದು ನನಗೆ ಬಹಳ ಇಷ್ಟ. ಬಸ್ ಕಂಪನಿ ಸಿಬ್ಬಂದಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು, ಅಂದರೆ ಎಲ್ಲರ ಪ್ಯಾಂಟಿನ ಸೊಂಟದ ಅಳತೆ ಕಡತದಲ್ಲಿತ್ತು. ಅದನ್ನೇ ತೆಗೆದು ನೋಡಿದರು! ತಕರಾರಿನಲ್ಲಿ ಹುರುಳಿತ್ತು, ಡ್ರೈವರುಗಳ ಸೊಂಟ ನಿಜವಾಗಿ ದೊಡ್ಡದೇ. ಆದರೆ ಸೊಂಟದ ಅಳತೆ ಪ್ರಕಾರ ವಿಂಗಡಿಸಿ ನೋಡಿದರೂ, ತೆಳ್ಳಗಿನವರಲ್ಲಿ, ಮಧ್ಯಮದವರಲ್ಲಿ, ದಪ್ಪಗಿನವರಲ್ಲಿ, ಮೆಟ್ಟಿಲು ಹತ್ತಿದವನೇ ಗೆದ್ದಿದ್ದ. ತೂಕ ಇಳಿಯಲಿಲ್ಲ ಅಂತ ಎರಡೇ ತಿಂಗಳಿಗೆ ವಾಕಿಂಗ್ ಬಿಡುವವರು ಆ ಪ್ಯಾಂಟಿನ ಕಡತ ನೆನಪಿಟ್ಟುಕೊಳ್ಳಿ. ತಕ್ಕಡಿ ಅಲುಗದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಅಂದಹಾಗೆ ಮಾರಿಸ್ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಕಥೆ ಯಾಕೆ ಹೇಳಿದೆ? ಆ ಕಂಡಕ್ಟರುಗಳಲ್ಲಿ ಒಬ್ಬನಿಗೂ ಪ್ರೇರಣೆ ಇರಲಿಲ್ಲ. ‘ಇವತ್ತು ಮೆಟ್ಟಿಲು ಹತ್ತುವ ಮೂಡಿಲ್ಲ’ ಅಂದರೆ ಟಿಕೆಟ್ ಕೊಡುವವರು ಯಾರು? ಮೆಟ್ಟಿಲು ಕೆಲಸದ ಹಾದಿಯಲ್ಲೇ ಇತ್ತು. ಬಾವಿ ಸೇದಿ, ರಾಗಿ ಬೀಸಿದ ನಮ್ಮ ಅಜ್ಜಿಯರಿಗೂ ಅಷ್ಟೇ, ಅವರೇನು ಸಂತೋಷಕ್ಕೆ ಬೀಸಲಿಲ್ಲ. ನಾವು ಮಾಡಬೇಕಾದದ್ದು ವ್ಯಾಯಾಮವನ್ನು ಹಾದಿಯಲ್ಲಿ ತಂದಿಡುವುದು. ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸದ ಬಾಲಕ್ಕೆ ಅದನ್ನು ಕಟ್ಟಬೇಕು. ಕಾಫಿ ಲೋಟ ತೊಳೆದಿಟ್ಟ ಕೂಡಲೇ. ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದ ಕೂಡಲೇ, ಮನೆಗೆ ತಿರುಗದೆ ಹಾಗೇ ಮುಂದಕ್ಕೆ.

ಇದಕ್ಕೂ ಪರೀಕ್ಷೆ ನಡೆದಿದೆ. 2002ರಲ್ಲಿ ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ. ಒಂದು ಗುಂಪಿಗೆ ಸುಮ್ಮನೆ ಏನೋ ಓದಲು ಕೊಟ್ಟರು. ಇನ್ನೊಂದಕ್ಕೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಮನಮುಟ್ಟುವಂತೆ ತಿಳಿಸಿದರು. ಮೂರನೆಯವರಿಗೆ ಅದರ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ 20 ನಿಮಿಷ ವ್ಯಾಯಾಮ ಮಾಡುತ್ತೀರಿ ಅಂತ ಬರೆಸಿದರು. ಮೊದಲ ಗುಂಪಿನಲ್ಲಿ 38 ಶೇಕಡ ಮಾಡಿದರು. ಉಪದೇಶ ಕೇಳಿದ ಗುಂಪಿನಲ್ಲಿ 35. ಬರೆದವರಲ್ಲಿ 91. ಉಪದೇಶ ಕೇಳಿದವರು ಏನೂ ಕೇಳದವರನ್ನು ದಾಟಲೇ ಇಲ್ಲ! ಇದರ ಪ್ರಕಾರ ನನ್ನ ಈ ಉಪನ್ಯಾಸದಿಂದ ನಿಮಗೆ ಮೂರು ಕಾಸಿನ ಪ್ರಯೋಜನವಿಲ್ಲ. ಆದ್ದರಿಂದ ಕೊನೆಗೆ ನಿಮ್ಮ ಕೈಯಲ್ಲೂ ಬರೆಸುತ್ತೇನೆ. ಆಹ್ವಾನ ಪತ್ರಿಕೆ ಬಿಸಾಡಬೇಡಿ, ಅದರ ಹಿಂಬದಿ ಖಾಲಿ ಇದೆ.

ಈಗ ಲೆಕ್ಕಾಚಾರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ಮಧ್ಯಮ ಅಂದರೆ ಎಷ್ಟು? ಯಂತ್ರ ಬೇಡ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಹಾರಾಜ ಪಾರ್ಕಿನಲ್ಲಿ ರಾಜಕೀಯ ಮಾತಾಡುತ್ತಾ, ಪ್ರತಿ ಪಾಯಿಂಟಿಗೂ ನಿಂತು, ಕೈ ಎತ್ತಿ ವಾದಿಸುತ್ತಾ ಸಾಗುವುದು ಒಳ್ಳೆಯದೇ, ಆದರೆ ಅದು ಸಭೆ, ವಾಕಿಂಗ್ ಅಲ್ಲ.

150 ಅನ್ನುವುದು ತಲುಪಬೇಕಾದ ಊರು, ಶುರುವಿಗೆ 10 ನಿಮಿಷ. ಗೇಟಿನಿಂದ ಐದು ನಿಮಿಷ ಮುಂದಕ್ಕೆ, ಅಲ್ಲಿಂದ ವಾಪಸ್. ಎರಡು ವಾರ ಅಷ್ಟೇ, ಎಷ್ಟೇ ಹುಮ್ಮಸ್ಸು ಬಂದರೂ ಹೆಚ್ಚಿಸಬೇಡಿ. ಆಮೇಲೆ ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಎರಡೂವರೆ ತಿಂಗಳಲ್ಲಿ, ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಗೆ ಬಂದಿರುತ್ತೀರಿ. ಹತ್ತು ಸಾವಿರ ಹೆಜ್ಜೆ ಆಗಲೇಬೇಕಲ್ಲವೇ ಅಂತ ಕೇಳುವಿರಿ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ‘ಮಾನ್ಪೊಕೆಯ್’, ಹತ್ತು ಸಾವಿರ ಹೆಜ್ಜೆಯ ಮೀಟರ್. ನಾಲ್ಕು ಸಾವಿರಕ್ಕೆ ಸುಸ್ತಾಗಿ ‘ನನ್ನ ಕೈಲಾಗಲ್ಲ’ ಅಂತ ಬಿಟ್ಟವರು ಅಂಗಡಿಯವನ ಬೋರ್ಡಿಗೆ ಸೋತವರು.

ಅಭ್ಯಾಸ ಕೂರಲು 21 ದಿನ ಸಾಕು ಎನ್ನುವುದೂ ಇಂಥದ್ದೇ ಬೋರ್ಡು. ಲಂಡನ್ನಿನಲ್ಲಿ 96 ಜನರನ್ನು 12 ವಾರ ನೋಡಿದ ಅಧ್ಯಯನದಲ್ಲಿ ಸಿಕ್ಕ ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ ಅಂದಾಜು 254. ನಾಳೆ ಶುರು ಮಾಡಿದರೆ ರಾಮನವಮಿಯ ಪಾನಕ ಕುಡಿದು ಇನ್ನೊಂದು ಒಂಬತ್ತು ಹತ್ತು ದಿನ ಕಾಯಬೇಕು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಕಂಡುಬಂತು. ಮದುವೆ, ತಿಥಿ, ಜ್ವರ ಎಲ್ಲಕ್ಕೂ ರಜೆ ಇದೆ. ಮಾರನೇ ದಿನ ಎರಡು ಪಟ್ಟು ನಡೆದು ಸಾಲ ತೀರಿಸಲು ಹೋಗಬೇಡಿ, ಮಂಡಿ ಹಿಡಿಯುವುದು ಆಗಲೇ. ಹತ್ತು ನಿಮಿಷ, ಗೇಟಿನಿಂದ.

ಶೂ ಬಗ್ಗೆ. ಹವಾಯಿ ಚಪ್ಪಲಿಯಲ್ಲಿ ಬಿರುಸಾಗಿ ನಡೆದರೆ ಅದು ಕಳಚದಂತೆ ಬೆರಳುಗಳು ಬಿಗಿಹಿಡಿಯುತ್ತವೆ, ಮೊಣಕಾಲಿನ ಕೆಳಗೆ ಮುಂಭಾಗ ನೋಯುತ್ತದೆ. ಶೂ ಕೊಳ್ಳುವುದು ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತು. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಕಲ್ಲು ಹಾಸಿದ ಆಕ್ಯುಪ್ರೆಶರ್ ಹಾದಿಯಲ್ಲಿ ಬರಿಗಾಲಲ್ಲಿ ನಡೆಯಲೇಬಾರದು. ಗಾಯವಾದದ್ದು ಗೊತ್ತಾಗುವುದಿಲ್ಲ. ಮನೆಗೆ ಬಂದು ಪಾದದ ಅಡಿ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡುವ ಮೊದಲು ಸಕ್ಕರೆ ಪರೀಕ್ಷಿಸಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆ ಪೊಟ್ಟಣ ಕಟ್ಟಿಟ್ಟುಕೊಳ್ಳಿ, ಕೈ ನಡುಗಿ ಬೆವರು ಬಂದರೆ ಅಲ್ಲೇ ಕೂತು ಬಾಯಿಗೆ ಹಾಕಿಕೊಳ್ಳಿ. ಎದೆ ಹಿಡಿದಂತಾಗಿ ತೋಳಿಗೋ ದವಡೆಗೋ ನೋವು ಹರಡಿದರೆ ‘ಗ್ಯಾಸ್’ ಅಂತ ಇನ್ನೊಂದು ಸುತ್ತು ಹಾಕಬೇಡಿ. ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ.

ಅಕ್ಕಂದಿರಿಗೆ ಒಂದು ಮಾತು. ‘ಬೆಳಿಗ್ಗೆ ಐದೂವರೆಗೆ ಎದ್ದು ವಾಕ್ ಹೋಗಿ’ ಅನ್ನುವುದು ಗಂಡಸರು ಗಂಡಸರಿಗೆ ಹೇಳಿಕೊಂಡ ಸಲಹೆ. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ತಿಂಡಿ, ಡಬ್ಬಿ, ಹಾಲು ಎಲ್ಲ ಒಟ್ಟಿಗೆ. ಮೇಲಾಗಿ ಈ ಊರಿನ ಚಳಿ, ಮಂಜು, ಬೀದಿ ನಾಯಿ. ಬೆಳಗಿನ ಹೊತ್ತಿಗೇ ವಿಶೇಷ ಶಕ್ತಿ ಏನೂ ಇಲ್ಲ. ಸಕ್ಕರೆ ಕಾಯಿಲೆಯವರಿಗಂತೂ ಊಟದ ನಂತರವೇ ಲಾಭ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರೂ ಹೊತ್ತು ಊಟದ ಮೇಲೆ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ 12 ಶೇಕಡ ಕಡಿಮೆಯಿತ್ತು, ರಾತ್ರಿ ಊಟದ ಮೇಲೆ 22. ರಾತ್ರಿ ಮುದ್ದೆ ಉಂಡು ಟಿವಿ ಮುಂದೆ ಕೂರುವ ಬದಲು ಯಜಮಾನರನ್ನೂ ಎಬ್ಬಿಸಿಕೊಂಡು ಗೇಟಿನಾಚೆ ಹೋಗಿ. ನೋಡಿದಿರಾ, ಮತ್ತೆ ಗೇಟಿಗೇ ಬಂದೆ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಸ್ನಾಯುಬಲದ ಭಾಗಕ್ಕೆ ಚಿತ್ರ ತಂದಿದ್ದೆ, ಇರಲಿ, ಬಾಯಲ್ಲೇ ಹೇಳುತ್ತೇನೆ. ಜಿಮ್ ಬೇಡ, ಒಂದು ಕುರ್ಚಿ, ಒಂದು ಗೋಡೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಕೈ ಎದೆಗೆ ಕಟ್ಟಿ ಎದ್ದು, ನಿಧಾನಕ್ಕೆ ಮೂರು ಎಣಿಸುತ್ತಾ ಕೂರಿ. ಎಂಟು ಸಲ, ಒಂದು ನಿಮಿಷ ಬಿಡುವು, ಮತ್ತೆ ಎಂಟು. ಮಂಡಿ ನೋಯುವವರು ದಿಂಬು ಹಾಕಿ ಕುರ್ಚಿ ಎತ್ತರ ಮಾಡಿಕೊಳ್ಳಿ. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಗೋಡೆಗೆ ದಂಡ, ಅಂದರೆ ಪುಷ್-ಅಪ್, ಅದೂ ಎಂಟೆಂಟು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು. ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಡುವು. ಉಸಿರು ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ. ಜೂನಿನಲ್ಲಿ ಮಳೆ ಹಿಡಿದಾಗ ವಾಕಿಂಗ್ ಬದಲು ಇವನ್ನೇ ಮಾಡಿ, ಜೊತೆಗೆ ಮನೆಯ ಮೆಟ್ಟಿಲು. ಸಕಲೇಶಪುರದ ಕಡೆಯಿಂದ ಬಂದವರಿಗೆ ಮಳೆಯ ವಿಷಯ ನಾನು ಹೇಳಬೇಕಿಲ್ಲ.

ನಿದ್ದೆ, ಆಹಾರ ಎರಡೂ ಉಳಿದವು, ಬಿಟ್ಟೆ.

ಆಹ್ವಾನ ಪತ್ರಿಕೆ ತಿರುಗಿಸಿ. ಬರೆಯಿರಿ: ‘ನಾಳೆ, ಇಂಥ ಕೆಲಸ ಮುಗಿದ ಕೂಡಲೇ, ನಮ್ಮ ಗೇಟಿನಿಂದ ಇಂಥ ಜಾಗದವರೆಗೆ ಹೋಗಿ ಬರುತ್ತೇನೆ.’ ‘ಬೆಳಿಗ್ಗೆ’ ಅಂತ ಮಾತ್ರ ಬರೆದವರದ್ದು ಲೆಕ್ಕಕ್ಕಿಲ್ಲ, ಬೆಳಿಗ್ಗೆ ಅನ್ನುವುದು ಆರು ಗಂಟೆ ಉದ್ದ ಇದೆ. ಜಾಗವೂ ಗುರುತಿನದ್ದಾಗಿರಲಿ: ಹಾಲಿನ ಬೂತು, ಎರಡನೇ ಟ್ರಾನ್ಸ್‌ಫಾರ್ಮರ್, ಮೂಲೆಯ ಅರಳಿಕಟ್ಟೆ. ಶೂ ಇವತ್ತು ರಾತ್ರಿಯೇ ಬಾಗಿಲ ಬಳಿ, ಸಾಕ್ಸ್ ಅದರೊಳಗೆ. ಪೆನ್ನಿಲ್ಲದವರು ಪಕ್ಕದವರ ಹತ್ತಿರ ಇಸಿದುಕೊಳ್ಳಿ. ಬರೆದಾದವರು ಒಬ್ಬೊಬ್ಬರಾಗಿ ಏಳಬಹುದು, ಕಾಫಿ ಕೆಳಗಿನ ಅಂತಸ್ತಿನಲ್ಲಿದೆಯಂತೆ. 108 ಹಾಕಿದವರು ಕಂಬಿ ಹಿಡಿದು ಇಳಿಯಿರಿ.